ಅಲೆ ಎಲ್ಲರದ್ದು, ಬ್ಯಾಗ್ ಮಾತ್ರ ಅಮ್ಮಂದು

1/8

ಮೊದಲ ಫೋಟೋ ನೋಡಿ. ಸಸಿಹಿತ್ಲು ಬೀಚ್, ಡಿಸೆಂಬರ್ ರಜೆ, ಸಂಜೆ ನಾಲ್ಕು ಗಂಟೆ. ಹಿಂದೆ ಸಮುದ್ರ. ನಾನು, ತಮ್ಮ ಒಂದೊಂದು ಸರ್ಫ್ ಬೋರ್ಡ್ ಹಿಡ್ಕೊಂಡು ಹಲ್ಲು ಬಿಡ್ತಾ ನಿಂತಿದೀವಿ. ಫೋಟೋ ತೆಗೆದಿದ್ದು ಅಪ್ಪ. ಇದನ್ನ ಸ್ಟೋರಿಗೆ ಹಾಕಿದಾಗ ನಿಮ್ಮಲ್ಲಿ ಎಷ್ಟೋ ಜನ ಬೆಂಕಿ ಇಮೋಜಿ ಕಳ್ಸಿದ್ರಿ. ಥ್ಯಾಂಕ್ಸ್.

ಈಗ ಬಲಗಡೆ ಮೂಲೆ ಝೂಮ್ ಮಾಡಿ.

ಅರ್ಧ ಕಟ್ ಆಗಿರೋ ಸೀರೆ ಸೆರಗು ಕಾಣುತ್ತಾ? ಪಕ್ಕದಲ್ಲಿ ಮೂರು ಜೊತೆ ಚಪ್ಪಲಿ, ಎರಡು ಬ್ಯಾಗ್, ಒಂದು ನೀರಿನ ಬಾಟಲ್, ಮಡಿಲಲ್ಲಿ ಅಪ್ಪನ ಕನ್ನಡಕದ ಡಬ್ಬಿ. ಅದು ನಮ್ಮಮ್ಮ. ಅವರ ಮುಖ ಫ್ರೇಮಿಗೇ ಬಂದಿಲ್ಲ. ಫೋಟೋ ನೋಡಿದ ಒಬ್ರೂ ಆ ಮೂಲೆ ಬಗ್ಗೆ ಕೇಳ್ಲಿಲ್ಲ. ನಿಮ್ಮ ತಪ್ಪಲ್ಲ ಬಿಡಿ, ಪೋಸ್ಟ್ ಮಾಡಿದ ನನಗೇ ಕಂಡಿರ್ಲಿಲ್ಲ.

ಈ ಸರಣಿ ಆ ಮೂಲೆ ಬಗ್ಗೆ. ನಾನು ಹೇಳೋದು ಇಷ್ಟೇ: ನಮ್ಮ ಮನೆಗಳಲ್ಲಿ ಬೀಚ್ ಟ್ರಿಪ್ ಅಂದ್ರೆ ಎಲ್ರೂ ಆಡೋದು, ಒಬ್ರು ಕಾಯೋದು. ಆ ಒಬ್ರು ಯಾವಾಗ್ಲೂ ಅಮ್ಮ. ಇದನ್ನ ಸರಿ ಮಾಡೋಕೆ ಯಾರೋ ದೊಡ್ಡೋರು ಬರಬೇಕಿಲ್ಲ. ನಮ್ಮ ವಯಸ್ಸಿನ ಮಕ್ಕಳು ಮಾಡ್ಬಹುದು, ನಾವೇ ಮಾಡ್ಬೇಕು.

ಉದ್ದ ಇದೆ. ಬಸ್ಸಲ್ಲಿ ಸೀಟ್ ಸಿಕ್ಕಿದ್ರೆ ಓದಿ.

2/8

ನಮ್ಮದು ಹಾಸನ. ನಮ್ಮ ಕಡೆ ದೇವಸ್ಥಾನ ಇಲ್ದೆ ಟ್ರಿಪ್ ಪಾಸಾಗಲ್ಲ ಅಂತ ನಿಮಗೂ ಗೊತ್ತು. ಹಾಗಾಗಿ ಶಿರಾಡಿ ಘಾಟಿ ಇಳಿದು ಮೊದಲು ಧರ್ಮಸ್ಥಳ, ಮಾರನೇ ದಿನ ಕಟೀಲು. ಕಟೀಲಲ್ಲಿ ನಂದಿನಿ ನದಿ ನಡುವೆ ದೇವಸ್ಥಾನ ಇದೆ. ಅಜ್ಜಿ ಕೈಮುಗಿದು ನೀರು ನೋಡ್ತಾ ನಿಂತಿದ್ರು. ಅದೇ ನಂದಿನಿ, ಮೂಲ್ಕಿಯ ಶಾಂಭವಿ ಜೊತೆ ಸೇರಿ ಸಮುದ್ರಕ್ಕೆ ಬೀಳೋದು ಸಸಿಹಿತ್ಲು ಹತ್ರ. ಬೆಳಿಗ್ಗೆ ಕೈಮುಗಿದ ನೀರನ್ನೇ ಸಂಜೆ ಕುಡಿದು ಕೆಮ್ಮಿದ್ದು ಅಂತ ತಮ್ಮ ಇವತ್ತಿಗೂ ಹೇಳ್ತಾನೆ.

ಹೋಗದೇ ಇರೋರಿಗೆ ದಾರಿ: ಮಂಗಳೂರಿಂದ ಉಡುಪಿ ಕಡೆ ಹೈವೇಲಿ ಸುರತ್ಕಲ್ ದಾಟಿದ ಮೇಲೆ ಹಳೆಯಂಗಡಿ ಸಿಗುತ್ತೆ. ಅಲ್ಲಿ ಎಡಕ್ಕೆ ತಿರುಗಿದ್ರೆ ಸಸಿಹಿತ್ಲು. ನಮ್ಮ ದೇಶದಲ್ಲಿ ಸರ್ಫಿಂಗ್ ಅಂದ್ರೆ ಈ ಮೂಲ್ಕಿ ಸುತ್ತಮುತ್ತಲ ಹೆಸರು ಬಂದೇ ಬರುತ್ತೆ. 2004ರ ಸುಮಾರಿಗೆ ಮೂಲ್ಕಿಯ ಒಂದು ಆಶ್ರಮದಲ್ಲಿ ಶುರುವಾದ ಆಟ ಇದು. 2016ರಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ಸ್ಪರ್ಧೆ ನಡೆದಿದ್ದು ಇದೇ ಸಸಿಹಿತ್ಲಲ್ಲಿ.

ಹುಡುಗೀರಿಗೆ ಇದೆಲ್ಲ ಆಗಲ್ಲ ಅನ್ನೋರಿಗೆ ಎರಡು ಹೆಸರು. ಇಶಿತಾ ಮಾಳವಿಯ: ಮಣಿಪಾಲದಲ್ಲಿ ಓದ್ತಿದ್ದಾಗ 2007ರಲ್ಲಿ ಸರ್ಫಿಂಗ್ ಹಿಡಿದೋರು, ದೇಶದ ಮೊದಲ ಮಹಿಳಾ ಸರ್ಫರ್ ಅಂತ ಹೆಸರಾದೋರು. ತನ್ವಿ ಜಗದೀಶ್: ಇದೇ ಮೂಲ್ಕಿ ಸೀಮೆಯೋರು, ಸ್ಟ್ಯಾಂಡ್ ಅಪ್ ಪ್ಯಾಡ್ಲಿಂಗ್‌ನಲ್ಲಿ ಹೊರದೇಶಕ್ಕೆ ಹೋಗಿ ಭಾರತವನ್ನ ಪ್ರತಿನಿಧಿಸಿದೋರು.

ಅಂದ್ರೆ ಇಲ್ಲಿನ ಅಲೆಗೆ ಹೆಂಗಸರು ಹೊಸಬರೇನಲ್ಲ. ದಡದಲ್ಲಿ ಕೂತಿರೋ ನಮ್ಮ ಮನೆ ಹೆಂಗಸರಿಗೆ ಮಾತ್ರ ಅಲೆ ಹೊಸದು.

3/8

ಎರಡನೇ ಫೋಟೋ, ಮರಳ ಮೇಲೆ ಕ್ಲಾಸ್.

ಟ್ಯೂಷನ್ ಹೇಳ್ಕೊಟ್ಟು ಉಳ್ಸಿದ ದುಡ್ಡಲ್ಲಿ ನನಗೂ ತಮ್ಮನಿಗೂ ಕ್ಲಾಸ್ ಬುಕ್ ಮಾಡಿದ್ದೆ. ಎರಡೇ ಸೀಟು. ಮೂರನೇದು ಬುಕ್ ಮಾಡೋ ಯೋಚನೆ ಕೂಡ ಬರ್ಲಿಲ್ಲ. ಇದನ್ನ ನೆನಪಿಟ್ಕೊಳ್ಳಿ, ಆಮೇಲೆ ಬೇಕಾಗುತ್ತೆ.

ಮೊದಲು ನೀರಿಗೆ ಇಳ್ಸಲ್ಲ. ಮರಳಲ್ಲಿ ಬೋರ್ಡ್ ಇಟ್ಟು, ಹೊಟ್ಟೆ ಮೇಲೆ ಮಲಗ್ಸಿ, ಎರಡೂ ಕೈ ಎದೆ ಪಕ್ಕ ಊರಿ ಒಂದೇ ಸಲಕ್ಕೆ ಎದ್ದು ನಿಲ್ಲೋದನ್ನ ಕಲಿಸ್ತಾರೆ. ಹತ್ತು ಸಲ ಮಾಡೋಷ್ಟರಲ್ಲಿ ತೋಳು ನಡುಗುತ್ತೆ. ಕಲಿಯೋರಿಗೆ ಕೊಡೋದು ಮೆತ್ತನೆ ಫೋಮ್ ಬೋರ್ಡ್, ನಮಗಿಂತ ಉದ್ದ. ಅದಕ್ಕೊಂದು ಬಳ್ಳಿ ಇರುತ್ತೆ, ಲೀಷ್ ಅಂತಾರೆ, ಹಿಂದಿನ ಕಾಲಿನ ಹರಡಿಗೆ ಕಟ್ಕೋಬೇಕು. ನೀವು ಬಿದ್ರೂ ಬೋರ್ಡ್ ದೂರ ಹೋಗಲ್ಲ. ಆಮೇಲೆ ಸೊಂಟದ ನೀರಲ್ಲಿ, ಒಡೆದ ಅಲೆಯ ನೊರೆ ಬರೋವಾಗ ಕೋಚ್ ಹಿಂದಿಂದ ಬೋರ್ಡ್ ತಳ್ತಾರೆ. ನಾನು ಎದ್ದು ನಿಂತಿದ್ದು ಒಟ್ಟು ಎರಡು ಸಲ, ಸೇರ್ಸಿದ್ರೆ ಐದು ಸೆಕೆಂಡ್ ಇರಬಹುದು. ಆ ಐದು ಸೆಕೆಂಡ್‌ಗೆ ಇಡೀ ಸೆಮಿಸ್ಟರ್ ಮರೆತುಹೋಯ್ತು.

ಕೋಚ್ ಒಂದು ನಿಯಮ ಹೇಳಿದ್ರು. ಒಂದು ಅಲೆಗೆ ಒಬ್ರೇ. ಅಲೆ ಎಲ್ಲಿ ಮೊದಲು ಒಡೆಯುತ್ತೋ ಅಲ್ಲಿಗೆ ಹತ್ರ ಇರೋರಿಗೆ ಅದು ಸೇರುತ್ತೆ. ಮಧ್ಯೆ ನುಗ್ಗೋದು ದೊಡ್ಡ ತಪ್ಪು. ಉಳಿದೋರು ಕಾಯ್ಬೇಕು, ಮುಂದಿನ ಅಲೆ ಅವರದ್ದು. "ಎಲ್ಲರಿಗೂ ಪಾಳಿ ಉಂಟು, ಗಡಿಬಿಡಿ ಎಂತಕ್ಕೆ ಮಾರಾಯ್ರೆ" ಅಂದ್ರು.

ಎಲ್ಲರಿಗೂ ಪಾಳಿ ಉಂಟು. ಒಳ್ಳೆ ಮಾತು ಅನ್ಕೊಂಡೆ. ಅಷ್ಟೇ ಅನ್ಕೊಂಡೆ.

4/8

ರಾತ್ರಿ ಲಾಡ್ಜಲ್ಲಿ ರೀಲ್ ಎಡಿಟ್ ಮಾಡ್ತಾ ಕೂತಿದ್ದೆ. ಅಪ್ಪ ದಡದಿಂದ ತೆಗ್ದಿದ್ದ ಒಂದೂವರೆ ನಿಮಿಷದ ವಿಡಿಯೋ. ಹಾಡು ಹಾಕೋಕೆ ಮುಂಚೆ ಒರಿಜಿನಲ್ ಸೌಂಡ್ ಮ್ಯೂಟ್ ಮಾಡ್ತೀವಲ್ಲ, ಆವತ್ತು ಇಯರ್‌ಫೋನ್ ಹಾಕಿದ್ದೆ, ಮ್ಯೂಟ್ ಮಾಡೋದು ಒಂದು ಕ್ಷಣ ತಡ ಆಯ್ತು.

ಗಾಳಿ ಸದ್ದು, ಅಲೆ ಸದ್ದು. ಅದರ ನಡುವೆ ಫೋನಿಗೆ ಹತ್ತಿರದಲ್ಲಿ ಅಮ್ಮನ ದನಿ: "ನಾನೂ ಒಂದ್ಸಲ ಬರ್ಲಾ?"

ಅಪ್ಪ ನಕ್ಕಿದ್ದು ಕೇಳುತ್ತೆ. ಆಮೇಲೆ ದೂರದಿಂದ ಒಂದು ಹೆಣ್ಣು ದನಿ ಕೂಗುತ್ತೆ: "ಅಯ್ಯೋ ಅಮ್ಮ, ನೀನು ಬ್ಯಾಗ್ ನೋಡ್ಕೋ!"

ಅದು ನಾನು.

ಹಾಗಂದಿದ್ದು ನನಗೆ ನೆನಪೇ ಇಲ್ಲ. ಜಗಳದಲ್ಲಿ ಹೇಳಿದ್ರೆ ನೆನಪಿರ್ತಿತ್ತು. ಬಾಗಿಲು ಹಾಕ್ಕೋ, ಗ್ಯಾಸ್ ಆಫ್ ಮಾಡು ಅಂತೀವಲ್ಲ, ಅಷ್ಟು ಸಲೀಸಾಗಿ ಬಾಯಿಂದ ಬಂದಿತ್ತು. ಅಮ್ಮ ತಿರುಗಿ ಏನೂ ಅನ್ನಲ್ಲ. ವಿಡಿಯೋದಲ್ಲಿ ಆಮೇಲೆ ಬರೀ ಗಾಳಿ.

ಮೂರು ಸಲ ಕೇಳ್ದೆ. ಆಮೇಲೆ ಗ್ಯಾಲರೀಲಿ ಹಳೇ ಟ್ರಿಪ್‌ಗಳ ಫೋಟೋ ತೆಗ್ದೆ. ಮಲ್ಪೆ, ನಾನು ಎಂಟನೇ ಕ್ಲಾಸು. ಅಮ್ಮ ದಡದಲ್ಲಿ, ಮಡಿಲಲ್ಲಿ ಟವೆಲ್. ಮುರುಡೇಶ್ವರ, ಫಸ್ಟ್ ಪಿಯುಸಿ. ಅಮ್ಮ ದಡದಲ್ಲಿ, ಕೈಯಲ್ಲಿ ತಮ್ಮನ ಅರ್ಧ ತಿಂದ ಜೋಳ. ಎಷ್ಟು ಸಮುದ್ರ ನೋಡಿದೀವಿ! ಅಮ್ಮನ ಸೀರೆ ಅಂಚು ಒದ್ದೆ ಆಗಿರೋ ಫೋಟೋ ಒಂದೂ ಇಲ್ಲ.

ನಿಮ್ಮ ಗ್ಯಾಲರಿನೂ ಒಂದ್ಸಲ ತೆಗೆದು ನೋಡಿ. ನಾನು ಕಾಯ್ತೀನಿ.

5/8

ನೋಡಿದ್ರಾ? ಈಗ ನೀವು ಹೇಳೋ ಮಾತು ನನಗೆ ಗೊತ್ತು. "ನಮ್ಮಮ್ಮಂಗೆ ನೀರು ಇಷ್ಟ ಇಲ್ಲ ಕಣೆ." ನಾನೂ ಇಪ್ಪತ್ತು ವರ್ಷ ಹಾಗೇ ನಂಬಿದ್ದೆ.

ಇಷ್ಟ ಇಲ್ಲದೇ ಇರಬಹುದು, ಒಪ್ತೀನಿ. ಆದ್ರೆ ಯಾವತ್ತಾದ್ರೂ ಸರಿಯಾಗಿ ಕೇಳಿದೀವಾ? "ಬಾ ಅಮ್ಮ" ಅಂತ ನೀರಿಂದ ಕೂಗೋದು ಕೇಳಿದ ಹಾಗಲ್ಲ. ಕೂಗೋವಾಗ ಅವರ ಮಡಿಲಲ್ಲಿ ನಾಲ್ಕು ಫೋನ್ ಇರುತ್ತೆ. ಪಕ್ಕದಲ್ಲಿ ಮಂಡಿ ನೋವಿನ ಅಜ್ಜಿ. ಮೈಮೇಲೆ ಸೀರೆ, ಒದ್ದೆ ಆದ್ರೆ ಬದಲಾಯ್ಸೋಕೆ ಜಾಗ ಇಲ್ಲ. ಸುತ್ತ ಮೊಬೈಲ್ ಹಿಡಿದು ನಿಂತಿರೋ ಗುರುತಿಲ್ಲದ ಗಂಡಸರು. ಅಂಥ ಹೊತ್ತಲ್ಲಿ "ಬರ್ತೀಯಾ" ಅಂದ್ರೆ "ಬೇಡಪ್ಪ" ಅಂತಲ್ಲದೆ ಇನ್ನೇನು ಹೇಳ್ತಾರೆ? ನಾವು ಆ "ಬೇಡ"ವನ್ನ ಇಷ್ಟ ಇಲ್ಲ ಅಂತ ಬರ್ಕೋತೀವಿ. ಕೇಳೋದು ಅಂದ್ರೆ ವ್ಯವಸ್ಥೆ ಮಾಡಿ ಕೇಳೋದು.

ನಮ್ಮ ಬಿಕಾಂ ಜನಕ್ಕೆ ಇದು ಬೇಗ ಅರ್ಥ ಆಗುತ್ತೆ. ಆಪರ್ಚುನಿಟಿ ಕಾಸ್ಟ್ ಅಂತ ಓದಿದೀವಿ, ಪರೀಕ್ಷೇಲಿ ಐದು ಮಾರ್ಕ್ಸಿಗೆ ಬರೆದಿದೀವಿ. ನಾವು ನೀರಲ್ಲಿ ಕಳೆದ ಒಂದೂವರೆ ಗಂಟೆಯ ಬೆಲೆ ಕ್ಲಾಸ್ ಫೀಸು ಮಾತ್ರ ಅಲ್ಲ. ಅಮ್ಮ ದಡದಲ್ಲಿ ಕೂತ ಒಂದೂವರೆ ಗಂಟೆನೂ ಅದರಲ್ಲಿದೆ. ಆದ್ರೆ ಅದು ಯಾವ ಲೆಡ್ಜರಲ್ಲೂ ಪೋಸ್ಟ್ ಆಗಲ್ಲ. ದೇಶದ ಲೆಕ್ಕ ಬೇಕಾದ್ರೆ ಕೇಂದ್ರ ಸರ್ಕಾರದ 2024ರ ಟೈಮ್ ಯೂಸ್ ಸರ್ವೆ ನೋಡಿ: ಸಂಬಳ ಇಲ್ಲದ ಮನೆಗೆಲಸಕ್ಕೆ, ಅದನ್ನ ಮಾಡೋ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ಕೊಡ್ತಾರೆ, ಮಾಡೋ ಗಂಡಸರು 88 ನಿಮಿಷ. ಟ್ರಿಪ್ಪಿಗೆ ಹೋದ್ರೆ ಆ 289 ನಿಮಿಷ ಮನೇಲಿ ಉಳಿಯಲ್ಲ, ಬ್ಯಾಗ್ ಜೊತೆ ಕಾರಿಗೆ ಹತ್ತುತ್ತೆ.

ಅಪ್ಪನೂ ವರ್ಷವಿಡೀ ದುಡೀತಾರೆ, ಟ್ರಿಪ್ ಖರ್ಚು ಅವರದ್ದೇ, ಅವರಿಗೂ ರಜೆ ಬೇಕು. ನಿಜ. ಅಪ್ಪಂಗೆ ಸಿಕ್ಕ ರಜೆ ಬಗ್ಗೆ ನನಗೆ ತಕರಾರಿಲ್ಲ. ಅಮ್ಮಂಗೆ ಯಾಕೆ ಸಿಗ್ಲಿಲ್ಲ ಅನ್ನೋದಷ್ಟೇ ಪ್ರಶ್ನೆ.

ಹುಡುಗೀರಿಗೆ ಇನ್ನೊಂದು ಮಾತು. ಆ ಬ್ಯಾಗ್ ಅಮ್ಮನ ಮಡಿಲಲ್ಲೇ ಉಳಿಯಲ್ಲ. ಇನ್ನು ಏಳೆಂಟು ವರ್ಷಕ್ಕೆ ಅದು ನಮ್ಮ ಮಡಿಲಿಗೆ ಬರುತ್ತೆ.

6/8

ಮಾರನೇ ಬೆಳಿಗ್ಗೆ ಮಂಗಳೂರಲ್ಲಿ ಶಾಪಿಂಗ್, ಊಟ, ಆಮೇಲೆ ಹಾಸನ ಅಂತ ಪ್ಲಾನ್. ನಾನು ಆರು ಗಂಟೆಗೆ ಎದ್ದು ಕೋಚಿಗೆ ಫೋನ್ ಮಾಡ್ದೆ. ಏಳಕ್ಕೆ ಬನ್ನಿ ಅಂದ್ರು. ಆಮೇಲೆ ಅಪ್ಪನ ಹತ್ರ ಹೋಗಿ ವಿಡಿಯೋ ಕೇಳ್ಸಿದೆ, ಏನೂ ಹೇಳ್ಲಿಲ್ಲ. ಅಪ್ಪ ಸ್ವಲ್ಪ ಹೊತ್ತು ಸುಮ್ನಿದ್ದು, "ನಾನು ನಗಬಾರದಿತ್ತು" ಅಂದ್ರು.

ಅಮ್ಮ ಒಪ್ಪಿದ್ದು ನನ್ನ ಮಾತಿಗಲ್ಲ. ಅಜ್ಜಿ ಮಾತಿಗೆ. "ಹೋಗವ್ವ, ನಾನೇನು ಓಡಿ ಹೋಗ್ತೀನಾ? ನಾನು ಸಮುದ್ರ ನೋಡಿದ್ದೇ ಎರಡು ಸಲ. ಎರಡು ಸಲಾನೂ ಕಣ್ಣು ಗಂಟಿನ ಮೇಲೇ ಇತ್ತು" ಅಂದ್ರು ಅಜ್ಜಿ. ಗಂಟು ಅಂದ್ರೆ ಬಟ್ಟೆ ಗಂಟು, ಆಗಿನ ಕಾಲದ ಬ್ಯಾಗ್. ಅಂದ್ರೆ ಇದು ನಮ್ಮ ಮನೇಲಿ ಎರಡು ತಲೆಮಾರಿಂದ ಬಂದಿರೋ ಕೆಲಸ.

ನನ್ನ ಚೂಡಿದಾರ್ ಪ್ಯಾಂಟು, ಮೇಲೆ ಅವರೇ ಕೊಡೋ ಉದ್ದ ತೋಳಿನ ಈಜು ಟೀ ಶರ್ಟ್. ದುಪಟ್ಟಾ ಕೋಚೇ ಬೇಡ ಅಂದ್ರು, ಕಾಲಿಗೆ ಸುತ್ತಿದ್ರೆ ಅಪಾಯ ಅಂತ. ಬ್ಯಾಗ್, ಚಪ್ಪಲಿ, ಫೋನ್, ಅಜ್ಜಿ, ಎಲ್ಲಾ ಅಪ್ಪನ ಚಾರ್ಜಿಗೆ.

ಸಿನಿಮಾ ಥರ ಏನೂ ಆಗ್ಲಿಲ್ಲ. ಅಮ್ಮ ಬೋರ್ಡ್ ಮೇಲೆ ಎದ್ದು ನಿಲ್ಲಲಿಲ್ಲ. ಮೊದಲ ಹತ್ತು ನಿಮಿಷ ನನ್ನ ಕೈ ಬಿಡ್ಲೇ ಇಲ್ಲ, ಉಗುರಿನ ಗುರುತು ಬಿತ್ತು. "ಕಾಲಡಿ ಮರಳು ಓಡ್ತಿದೆ ಕಣೆ" ಅಂತ ಎರಡು ಸಲ ಹೇಳಿದ್ರು. ಕೋಚ್ ಅಂದ್ರು, "ಹೆದರುದು ಎಂತಕ್ಕೆ ಅಮ್ಮಾ, ನೀರು ಸೊಂಟದವರೆಗೆ ಮಾತ್ರ ಉಂಟು." ಆಮೇಲೆ ಬೋರ್ಡ್ ಮೇಲೆ ಹೊಟ್ಟೆ ಮಲಗಿ, ಎರಡೂ ಅಂಚು ಬಿಗಿ ಹಿಡ್ಕೊಂಡು, ನೊರೆ ಜೊತೆ ದಡದ ತನಕ ಬಂದ್ರು. ಮರಳಿಗೆ ಬೋರ್ಡ್ ತಾಗಿ ನಿಂತ ಮೇಲೂ ಮಲಗೇ ಇದ್ರು. ನಾನು ಭಯಬಿದ್ದು ಓಡಿ ಹೋದ್ರೆ ನಗ್ತಾ ಇದ್ರು. ಸದ್ದಿಲ್ಲದೆ, ಭುಜ ಅಲುಗಾಡೋ ಹಾಗೆ. ಅಮ್ಮ ಹಾಗೆ ನಗೋದನ್ನ ನಾನು ನೋಡಿರ್ಲಿಲ್ಲ.

ಅಷ್ಟರಲ್ಲಿ ದಡದಿಂದ ಅಪ್ಪನ ಕೂಗು: "ಏ, ನನ್ ಕನ್ನಡಕ ಎಲ್ಲಿಟ್ಟಿದೀಯೇ?" ಸಮುದ್ರದಲ್ಲಿರೋ ಹೆಂಡ್ತಿನ ಕೇಳ್ತಿದಾರೆ! ಬ್ಯಾಗ್ ಅವರ ಕೈಯಲ್ಲೇ ಇತ್ತು. ಅಮ್ಮ ನೀರಿಂದಲೇ ಉತ್ತರ ಕೊಟ್ರು: "ಸೈಡ್ ಜಿಪ್ಪಲ್ಲಿ!"

ಇಪ್ಪತ್ತೈದು ನಿಮಿಷಕ್ಕೆ "ಸಾಕು, ಅಜ್ಜಿಗೆ ತಿಂಡಿ ಆಗಿಲ್ಲ" ಅಂತ ಎದ್ದು ಬಂದ್ರು. ಕಾರಲ್ಲಿ ಸಕಲೇಶಪುರ ಬರೋ ತನಕ ಕೂದಲ ಮರಳು ಕೊಡವಿಕೊಳ್ತಾ ಇದ್ರು. ಬೈಕೊಂಡೇ ಕೊಡವ್ತಿದ್ರು, ಆದ್ರೆ ಖುಷಿಯಾಗಿ ಬೈಕೊಳ್ತಿದ್ರು.

7/8

ಇದನ್ನ ಓದಿ ನಾಳೆನೇ ಅಮ್ಮನ್ನ ಸಮುದ್ರಕ್ಕೆ ತಳ್ಳಬೇಡಿ. ಈ ಭಾಗ ಸೀರಿಯಸ್ಸಾಗಿ ಓದಿ.

ಒಂದು. ಕರಾವಳೀಲಿ ಮಳೆಗಾಲದ ಸಮುದ್ರ ನಮ್ಮಂಥೋರಿಗಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೇ ನಿಷೇಧ ಇರುತ್ತೆ, ಆಗ ಕಡಲು ಅಷ್ಟು ಒರಟು. ಕೆಂಪು ಬಾವುಟ ಇದ್ರೆ ಇಳಿಯೋ ಮಾತೇ ಇಲ್ಲ. ಜೀವರಕ್ಷಕರು ಸೀಟಿ ಊದಿದ್ರೆ ವಾದ ಮಾಡಬೇಡಿ.

ಎರಡು. ಅಲೆಗಳು ಒಡೀತಿರೋ ಜಾಗದ ನಡುವೆ ಒಂದು ಕಡೆ ಮಾತ್ರ ಅಲೆ ಇಲ್ಲದೆ ಶಾಂತವಾಗಿ ಕಾಣುತ್ತಲ್ಲ, ಅದನ್ನ ನೋಡಿ ಸೇಫ್ ಅನ್ಕೋಬೇಡಿ. ದಡಕ್ಕೆ ಬಂದ ನೀರು ವಾಪಸ್ ಒಳಗೆ ಹೋಗೋ ದಾರಿ ಅದು, ರಿಪ್ ಕರೆಂಟ್ ಅಂತಾರೆ. ಸಿಕ್ಕಿಹಾಕಿಕೊಂಡ್ರೆ ದಡದ ಕಡೆಗೇ ಈಜಿ ಸುಸ್ತಾಗಬೇಡಿ. ತೇಲಿ, ಕೈ ಎತ್ತಿ ಸಹಾಯ ಕೇಳಿ, ಈಜು ಬಂದ್ರೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಹೊರಗೆ ಬನ್ನಿ. ನದಿ ಸಮುದ್ರ ಸೇರೋ ಜಾಗದಲ್ಲಿ ಸೆಳೆತ ಇನ್ನೂ ಜಾಸ್ತಿ. ಸಸಿಹಿತ್ಲಲ್ಲಿ ಅಂಥ ಅಳಿವೆ ಇದೆ, ಅತ್ತ ಹೋಗ್ಲೇಬೇಡಿ.

ಮೂರು. ಈಜು ಕಲೀರಿ. ಅಮ್ಮಂದಿರಿಗೆ ಸಮುದ್ರದ ಭಯ ಹುಟ್ಟಿನಿಂದ ಬಂದಿದ್ದಲ್ಲ. ಹುಡುಗರು ಕೆರೆಗೆ ಹಾರಿ ಕಲೀತಿದ್ದಾಗ ಇವರನ್ನ "ಕಪ್ಪಾಗ್ತೀಯ, ಜನ ನೋಡ್ತಾರೆ" ಅಂತ ಮನೇಲಿ ಕೂರಿಸಿದ್ದಕ್ಕೆ ಬಂದಿದ್ದು.

ನಾಲ್ಕು, ಹುಡುಗರಿಗೆ ಮುಖ್ಯವಾಗಿ. ಬೀಚಲ್ಲಿ ಗುರುತಿಲ್ಲದ ಹೆಂಗಸರು ಒದ್ದೆ ಬಟ್ಟೇಲಿ ಇರೋವಾಗ ನಿಮ್ಮ ಕ್ಯಾಮೆರಾ ಆ ಕಡೆ ತಿರುಗಬಾರದು. ರೀಲ್‌ನ ಬ್ಯಾಕ್‌ಗ್ರೌಂಡಲ್ಲಿ ಬಂದ್ರೂ ಕಟ್ ಮಾಡಿ. ಎಷ್ಟೋ ಅಮ್ಮಂದಿರು ನೀರಿಗೆ ಇಳಿಯದೇ ಇರೋಕೆ ಅಲೆ ಕಾರಣ ಅಲ್ಲ, ನಮ್ಮ ಫೋನ್ ಕಾರಣ.

ಐದು. ಬಟ್ಟೆ ಬದಲಾಯ್ಸೋ ಕೋಣೆ ಕೇಳೋಣ. 2020ರಲ್ಲಿ ನಮ್ಮ ರಾಜ್ಯದ ಪಡುಬಿದ್ರಿ ಮತ್ತು ಕಾಸರಕೋಡು ಬೀಚಿಗೆ ಬ್ಲೂ ಫ್ಲ್ಯಾಗ್ ಸಿಕ್ತು. ಆ ಗುರುತು ಇರೋ ಬೀಚಲ್ಲಿ ಶೌಚಾಲಯ, ಬಟ್ಟೆ ಬದಲಾಯ್ಸೋ ಜಾಗ, ಜೀವರಕ್ಷಕರು ಇರ್ತಾರೆ. ಅಂದ್ರೆ ಮಾಡೋಕೆ ಆಗುತ್ತೆ. ಎಲ್ಲಾ ಬೀಚಲ್ಲೂ ಆಗ್ಲಿ. ಸೆಲ್ಫಿ ಪಾಯಿಂಟ್ ಆಮೇಲೆ ನೋಡ್ಕೊಳ್ಳೋಣ.

8/8

ಕೊನೇ ಫೋಟೋ. ಅಪ್ಪ ಮರಳಲ್ಲಿ ಕೂತಿದಾರೆ. ಮಡಿಲಲ್ಲಿ ಎರಡು ಬ್ಯಾಗ್, ಪಕ್ಕದಲ್ಲಿ ಚಪ್ಪಲಿ, ಒಂದು ಕೈಲಿ ಅಜ್ಜಿಯ ನೀರಿನ ಬಾಟಲ್, ಮುಖದಲ್ಲಿ ಸಿಕ್ಕಾಪಟ್ಟೆ ಬೋರ್. "ಸೊಂಟ ಹಿಡ್ಕೊಳ್ತು ಮಾರಾಯ್ತಿ, ಇವಳು ಇಷ್ಟು ವರ್ಷ ಹೆಂಗೆ ಕೂತಿದ್ಲು" ಅಂತ ಆಮೇಲೆ ಅಂದ್ರು. ಬ್ಯಾಗಿನ ತೂಕ ಅಪ್ಪಂಗೆ ಗೊತ್ತಾಗೋಕೆ ಇಪ್ಪತ್ತೈದು ನಿಮಿಷ ಸಾಕಾಯ್ತು.

ಅಮ್ಮ ನೀರಲ್ಲಿರೋ ಫೋಟೋ ಎಲ್ಲಿ ಅಂತ ಕೇಳ್ತೀರಿ. ಇದೆ, ಚೆನ್ನಾಗಿದೆ. ಹಾಕ್ಲಾ ಅಂತ ಅಮ್ಮನ್ನ ಕೇಳ್ದೆ. "ಬೇಡ, ಅದು ನಂಗಿರ್ಲಿ" ಅಂದ್ರು. ಅದಕ್ಕೆ ಹಾಕಿಲ್ಲ. ಇದೆಲ್ಲ ಬರೆದಿದ್ದನ್ನ ಓದಿ ಹೇಳ್ದೆ, ಅದಕ್ಕೆ ಮಾತ್ರ ಸರಿ ಅಂದ್ರು. ಉಗುರಿನ ಗುರುತಿನ ವಿಷಯ ಸುಳ್ಳು ಅಂತಿದಾರೆ. ಸುಳ್ಳಲ್ಲ.

ಒಂದು ಬೆಳಿಗ್ಗೆ ನೀರಿಗೆ ಇಳಿದ್ರೆ ಮನೆಗೆಲಸ ಹಂಚಿಕೆ ಆಗಿಬಿಡುತ್ತೆ ಅಂತ ನಾನು ಹೇಳ್ತಿಲ್ಲ. ಹಾಸನಕ್ಕೆ ಬಂದ ರಾತ್ರಿನೇ ಒದ್ದೆ ಬಟ್ಟೆ ಎಲ್ಲಾ ಒಗೆಯೋಕೆ ಹಾಕಿದ್ದು ಅಮ್ಮನೇ. ನಾನು ಮಲಗಿಬಿಟ್ಟಿದ್ದೆ. ಎದ್ದ ಮೇಲೆ ನಾಚಿಕೆ ಆಯ್ತು. ಅದಕ್ಕೇ ಪಾಳಿ ಅಂತಿದೀನಿ. ಉಡುಗೊರೆ ಥರ ಒಂದು ದಿನ ಕೊಟ್ಟು ಮುಗಿಸೋದಲ್ಲ, ಸರ್ಫಿಂಗ್‌ನಲ್ಲಿರೋ ಹಾಗೆ ನಿಯಮ ಮಾಡ್ಕೊಳ್ಳೋದು. ಮೊದಲರ್ಧ ಗಂಟೆ ನಾನು ಬ್ಯಾಗ್ ಕಾಯ್ತೀನಿ, ಆಮೇಲೆ ತಮ್ಮ, ಆಮೇಲೆ ಅಪ್ಪ. ಅಮ್ಮ ಆ ಹೊತ್ತಲ್ಲಿ ನೀರಿಗೇ ಇಳೀಬೇಕು ಅಂತಿಲ್ಲ. ನಡೀಲಿ, ಚಿಪ್ಪು ಆರಿಸ್ಲಿ, ಸುಮ್ನೆ ಮಲಗ್ಲಿ. ಕೈ ಖಾಲಿ ಇರ್ಲಿ ಅಷ್ಟೇ.

ಮುಂದಿನ ಟ್ರಿಪ್ ಬುಕ್ ಮಾಡೋವಾಗ ಒಂದು ಸೀಟು ಜಾಸ್ತಿ ಬುಕ್ ಮಾಡಿ. ಬಿಚ್ಚಿ ಬದಲಾಯ್ಸೋಕೆ ಒಂದು ಜೊತೆ ಬಟ್ಟೆ ಅಮ್ಮಂದೂ ಇಟ್ಕೊಳ್ಳಿ. ಆಮೇಲೆ ಕೇಳಿ. ಬೇಡ ಅಂದ್ರೆ ಬೇಡ. ಆದ್ರೆ ಕೇಳೋಕೆ ಮುಂಚೆ ಅವರ ಮಡಿಲಿಂದ ಬ್ಯಾಗ್ ಎತ್ಕೊಳ್ಳಿ.

ನಿಮ್ಮ ಹಳೇ ಟ್ರಿಪ್ ಫೋಟೋದ ಮೂಲೇಲಿ ಯಾರಿದ್ರು? ಕಾಮೆಂಟಲ್ಲಿ ಹೇಳಿ. ಫೋಟೋ ಹಾಕೋದಾದ್ರೆ ಮೊದಲು ಅವರನ್ನ ಕೇಳಿ.

#ಬ್ಯಾಗ್_ಪಾಳಿ #ಸಸಿಹಿತ್ಲು #ಅಮ್ಮನ_ಅಲೆ #ಬಿಕಾಂ_ಬದುಕು